ಎರಡನೇ ಶನಿವಾರ ಕೈಕೊಟ್ಟ ಮೇಲೆ: ಆರ್ಗ್, ರಿಮೈಂಡ್ ಮತ್ತು ಇನ್ನಷ್ಟು ಟೆಕ್ಸ್ಟ್ ಡೈರಿಗಳ ಹೋಲಿಕೆ

2025ರ ಏಪ್ರಿಲ್ 12, ಶನಿವಾರ. ಅಮ್ಮನ ಪಾಸ್‌ಬುಕ್ ಎಂಟ್ರಿ ಮಾಡಿಸಬೇಕಿತ್ತು. ಬಿಸಿಲೇರುವ ಮುಂಚೆ ಮುಗಿಸೋಣ ಅಂತ ಹತ್ತು ಗಂಟೆಗೇ ಸ್ಕೂಟರ್ ತೆಗೆದೆ. ಹೋಗಿ ನೋಡಿದರೆ ಬ್ಯಾಂಕಿನ ಶಟರ್ ಇಳಿದಿದೆ. ಪಕ್ಕದ ಝೆರಾಕ್ಸ್ ಅಂಗಡಿಯವರು ತಲೆ ಎತ್ತದೆಯೇ "ಸೆಕೆಂಡ್ ಸ್ಯಾಟರ್ಡೇ ಅಲ್ವಾ ಸಾರ್" ಅಂದರು.

ತಪ್ಪು ಬ್ಯಾಂಕಿನದಲ್ಲ. 2015ರ ಸೆಪ್ಟೆಂಬರ್ 1ರಿಂದ ದೇಶದ ಬ್ಯಾಂಕುಗಳಿಗೆಲ್ಲ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಅದು ನನಗೂ ಗೊತ್ತು, ಎಮ್ಯಾಕ್ಸ್ ಅನ್ನುವ ಎಡಿಟರಿನ ಆರ್ಗ್ ಮೋಡ್ ಬಳಸಿ ಟೆಕ್ಸ್ಟ್ ಫೈಲಿನಲ್ಲಿ ಬರೆದಿಟ್ಟ ನನ್ನ ಪ್ಲ್ಯಾನರ್‌ನಲ್ಲೂ ಇತ್ತು. ಆದರೆ ಮನೆಗೆ ಬಂದು ಫೈಲ್ ತೆಗೆದರೆ "ಬ್ಯಾಂಕ್ ರಜೆ" ಅನ್ನುವ ಸಾಲು ಹಿಂದಿನ ವಾರ, ಏಪ್ರಿಲ್ 5ಕ್ಕೇ ಬಂದು ಹೋಗಿತ್ತು.

ಸಾಲು ಹೀಗಿತ್ತು:

<2025-01-11 ಶನಿ +2ಡಬ್ಲ್ಯೂ>

(ಫೈಲಿನಲ್ಲಿ ಇದೆಲ್ಲ ಇಂಗ್ಲಿಷ್ ಅಕ್ಷರದಲ್ಲೇ ಇರುತ್ತದೆ. ಇಲ್ಲಿ ಓದೋಕೆ ಸುಲಭ ಆಗಲಿ ಅಂತ ಕನ್ನಡದಲ್ಲಿ ಬರೆಯುತ್ತಿದ್ದೇನೆ.) ಜನವರಿ 11ರಿಂದ ಶುರು, ಎರಡೆರಡು ವಾರಕ್ಕೊಮ್ಮೆ. ಎರಡನೇ ಶನಿವಾರಕ್ಕೂ ನಾಲ್ಕನೇ ಶನಿವಾರಕ್ಕೂ ನಡುವೆ ಎರಡು ವಾರ ಅಂತರ ತಾನೇ ಅಂತ ಬರೆದಿದ್ದೆ. ಜನವರಿ 11, 25. ಫೆಬ್ರವರಿ 8, 22. ಮಾರ್ಚ್ 8, 22. ಆರಕ್ಕೆ ಆರೂ ಸರಿ! ಮೂರು ತಿಂಗಳು ತಪ್ಪಿಲ್ಲದೆ ನಡೆದ ಸಾಲನ್ನು ಯಾರು ಅನುಮಾನಿಸುತ್ತಾರೆ? ಮಾರ್ಚ್‌ನಲ್ಲಿ ಐದು ಶನಿವಾರ ಇದ್ದವು. ಅಲ್ಲಿಗೆ ಲೆಕ್ಕ ಒಂದು ವಾರ ಹಿಂದೆ ಬಿತ್ತು.

ಆ ಮಧ್ಯಾಹ್ನ ಸಿಟ್ಟಿನಲ್ಲಿ ಶುರುವಾದದ್ದು ಈ ಪ್ರಯೋಗ. ನನ್ನ ಮರುಕಳಿಸುವ ನೆನಪೋಲೆಗಳಲ್ಲಿ ತಲೆನೋವು ಕೊಡುವ ಆರನ್ನು ಆರಿಸಿದೆ. ಒಂದು, ತಿಂಗಳ ಕೊನೆಯ ದಿನ ಅಪಾರ್ಟ್‌ಮೆಂಟಿನ ಮೆಂಟೇನೆನ್ಸ್ ಲೆಕ್ಕ ಮುಗಿಸುವುದು. ಎರಡು, ಈ ಬ್ಯಾಂಕ್ ಶನಿವಾರಗಳು. ಮೂರು, ಮೂರು ತಿಂಗಳಿಗೊಮ್ಮೆ ಓವರ್‌ಹೆಡ್ ಟ್ಯಾಂಕ್ ತೊಳೆಸುವುದು. ನಾಲ್ಕು, ಅಕ್ಕನ ಮಗಳ ಹುಟ್ಟುಹಬ್ಬ. ಐದು, ನ್ಯೂಜೆರ್ಸಿಯಲ್ಲಿರುವ ಅದೇ ಅಕ್ಕನ ಜೊತೆ ಭಾನುವಾರದ ಕರೆ. ಆರು, ಅಮ್ಮನ ಸಂಕಷ್ಟಿ. ಇವನ್ನೇ ಎಮ್ಯಾಕ್ಸಿನ ಆರ್ಗ್ ಮೋಡ್, ರಿಮೈಂಡ್, ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್ಮಿನ ಹಳೇ ಕ್ಯಾಲೆಂಡರ್ ಕಮಾಂಡ್, ಟುಡು.ಟೆಕ್ಸ್ಟ್, ಕ್ಯಾಲ್ಕರ್ಸ್, ಹೀಗೆ ಬರೀ ಟೆಕ್ಸ್ಟ್ ಫೈಲ್ ಓದಿ ನೆನಪಿಸುವ ಐದು ಸಾಧನಗಳಲ್ಲಿ ಹಾಕಿ ತಿಂಗಳುಗಟ್ಟಲೆ ಅಕ್ಕಪಕ್ಕ ಓಡಿಸಿದೆ.

ಫೋನಿನ ಕ್ಯಾಲೆಂಡರ್ ಇರುವಾಗ ಇದೆಲ್ಲ ಯಾಕೆ ಅಂತ ಹೆಂಡತಿಯೂ ಕೇಳಿದಳು. ಟೆಕ್ಸ್ಟ್ ಫೈಲಾದರೆ ಹುಡುಕಬಹುದು, ಕಾಪಿ ಮಾಡಿ ಇಟ್ಟುಕೊಳ್ಳಬಹುದು, ಹತ್ತು ವರ್ಷ ಬಿಟ್ಟು ತೆಗೆದರೂ ಓದಬಹುದು. ಅಷ್ಟೇ ಕಾರಣ. ಜೊತೆಗೆ ಸ್ವಲ್ಪ ಚಟ.

31ನೇ ತಾರೀಖು ಅನ್ನುವ ಪರೀಕ್ಷೆ

ಒಂದು ಸಾಧನ ಹೇಗೆ ಯೋಚಿಸುತ್ತದೆ ಅಂತ ತಿಳಿಯಬೇಕಾದರೆ ಅದಕ್ಕೆ 31ನೇ ತಾರೀಖು ಕೊಟ್ಟು ನೋಡಿ. ಅದರ ಸ್ವಭಾವವೆಲ್ಲ ಅಲ್ಲೇ ಬಯಲಾಗುತ್ತದೆ.

ಆರ್ಗ್‌ನಲ್ಲಿ ಹೀಗೆ ಬರೆದೆ:

ಶೆಡ್ಯೂಲ್ಡ್: <2025-01-31 ಶುಕ್ರ +1ಎಂ>

ಜನವರಿ ಲೆಕ್ಕ ಮುಗಿಸಿ "ಡನ್" ಒತ್ತಿದೆ. ಆರ್ಗ್ ತಾರೀಖನ್ನು ಒಂದು ತಿಂಗಳು ಮುಂದೆ ತಳ್ಳಿತು. ಫೆಬ್ರವರಿ 31 ಅನ್ನುವ ದಿನ ಇಲ್ಲವಲ್ಲ. ಅದು ಫೆಬ್ರವರಿ 28ಕ್ಕೆ ನಿಲ್ಲಲಿಲ್ಲ, ಉಳಿದ ಮೂರು ದಿನವನ್ನು ಮಾರ್ಚ್‌ಗೆ ಸುರಿದು ಮಾರ್ಚ್ 3 ಅಂತ ಬರೆಯಿತು. ಫೆಬ್ರವರಿ ಪೂರ್ತಿ ನಾಪತ್ತೆ. ಅದಕ್ಕಿಂತ ಕೆಟ್ಟದ್ದು ಅಂದರೆ, ಫೈಲಿನಲ್ಲಿ ಈಗ 31 ಅನ್ನುವ ಗುರುತೇ ಇಲ್ಲ. ಮುಂದಿನ ಸಲ ಏಪ್ರಿಲ್ 3, ಆಮೇಲೆ ಮೇ 3. ಒಂದು ಸಲ ಜಾರಿದ್ದು ಜಾರಿದಂತೆಯೇ. ಯಾಕಂದರೆ ಆರ್ಗ್ ನಿಯಮವನ್ನು ನೆನಪಿಟ್ಟುಕೊಳ್ಳುವುದಿಲ್ಲ. ಹಳೇ ತಾರೀಖನ್ನು ಅಳಿಸಿ ಹೊಸದನ್ನು ಬರೆಯುತ್ತದೆ, ಮುಂದಿನ ಲೆಕ್ಕ ಆ ಹೊಸದರಿಂದ.

ರಿಮೈಂಡ್‌ನಲ್ಲಿ "ರೆಮ್ 31" ಅಂತ ಹಾಕಿದರೆ 31 ಇಲ್ಲದ ತಿಂಗಳನ್ನು ಅದು ಹಾರಿಸಿಬಿಡುತ್ತದೆ. ವರ್ಷಕ್ಕೆ ಏಳು ಸಲ ಮಾತ್ರ ನೆನಪು. ಫೋನಿನ ಕ್ಯಾಲೆಂಡರ್‌ಗಳ ಹಿಂದಿರುವ ಐಕ್ಯಾಲೆಂಡರ್ ಮಾನದಂಡವೂ ಇದನ್ನೇ ಹೇಳುತ್ತದೆ. ಅದನ್ನು ವಿವರಿಸುವ 2009ರ ದಾಖಲೆ ಆರ್‌ಎಫ್‌ಸಿ 5545ರ ಪ್ರಕಾರ ಇಲ್ಲದ ತಾರೀಖು ಬಂದರೆ ಅದನ್ನು ಬಿಟ್ಟುಬಿಡಬೇಕು.

ಯಾವುದು ಸರಿ? ನನಗೆ ಎರಡೂ ಬೇಡ. ನನಗೆ ಬೇಕಾದದ್ದು "ತಿಂಗಳ ಕೊನೆ", 31 ಅಲ್ಲ. ತಪ್ಪು ಪ್ರಶ್ನೆ ಕೇಳಿದ್ದು ನಾನು. ಆದರೂ ಒಂದು ವ್ಯತ್ಯಾಸ ಇದೆ. ರಿಮೈಂಡ್ ತಪ್ಪಿದರೆ ಆ ತಿಂಗಳಿಗೆ ಮಾತ್ರ ತಪ್ಪುತ್ತದೆ, ಮಾರ್ಚ್ 31ಕ್ಕೆ ಮತ್ತೆ ಹಳಿಗೆ ಬರುತ್ತದೆ. ಆರ್ಗ್ ತಪ್ಪಿದರೆ ಇನ್ನು ಹಳಿಯೇ ಇಲ್ಲ. ತಪ್ಪುವುದಾದರೆ ರಿಮೈಂಡಿನ ಹಾಗೆ ತಪ್ಪಲಿ ಅಂತ ನನಗನ್ನಿಸುತ್ತದೆ.

ಸರಿಯಾದ ಪ್ರಶ್ನೆ ಕೇಳಿದಾಗಲೂ ಅಂತರ ಕಾಣುತ್ತದೆ. ರಿಮೈಂಡ್‌ನಲ್ಲಿ:

ರೆಮ್ 1 --1 ಮೆಸೇಜ್ ಲೆಕ್ಕ ಮುಗಿಸು

1ನೇ ತಾರೀಖಿಗೆ ಹೋಗು, ಒಂದು ದಿನ ಹಿಂದೆ ಬಾ. ತಿಂಗಳಿಗೆ 28 ಇರಲಿ 31 ಇರಲಿ, ಕೊನೆಯ ದಿನ ಸಿಕ್ಕಿತು. ಎರಡು ಗೆರೆ ಇರುವುದನ್ನು ಗಮನಿಸಿ. ಒಂದೇ ಗೆರೆ ಹಾಕಿದರೆ ಹಿಂದೆ ಬರುವಾಗ ರಜಾದಿನಗಳನ್ನು ಎಣಿಸುವುದಿಲ್ಲ. ಅದೂ ಒಂದು ಅನುಕೂಲವೇ. "ರೆಮ್ 1 -1 ಒಮಿಟ್ ಸ್ಯಾಟ್ ಸನ್" ಅಂದರೆ ಶನಿವಾರ ಭಾನುವಾರ ಬಿಟ್ಟು ತಿಂಗಳ ಕೊನೆಯ ಕೆಲಸದ ದಿನ. 2025ರ ಆಗಸ್ಟ್ 31 ಭಾನುವಾರ ಇತ್ತು. ಒಂದು ಗೆರೆಯ ಸಾಲು 29ರ ಶುಕ್ರವಾರ ತೋರಿಸಿತು, ಎರಡು ಗೆರೆಯದು 31 ತೋರಿಸಿತು. ಒಂದು ಗೆರೆಗೆ ಎರಡು ದಿನದ ವ್ಯತ್ಯಾಸ! ಕನ್ನಡಕ ಹಾಕಿಕೊಂಡು ಬರೆಯಬೇಕು.

ಆರ್ಗ್‌ನಲ್ಲೂ ಇದು ಆಗದ ಕೆಲಸವಲ್ಲ. ಎಮ್ಯಾಕ್ಸಿನ ಪ್ರೋಗ್ರಾಮಿಂಗ್ ಭಾಷೆ ಲಿಸ್ಪ್ ಗೊತ್ತಿದ್ದರೆ "ನಾಳೆ 1ನೇ ತಾರೀಖಾ?" ಅಂತ ಕೇಳುವ ಒಂದು ಲೆಕ್ಕ ಬರೆಯಬಹುದು. ನಾನು ಬರೆದೆ, ಓಡಿತು ಕೂಡ. ಆದರೆ ಅದರಲ್ಲಿ ನಾಲ್ಕು ಕಂಸ ಒಳಗೊಳಗೆ ಸೇರಿಕೊಂಡಿವೆ. ಆರು ತಿಂಗಳ ಮೇಲೆ ಅದನ್ನು ನೋಡಿ ಇದೇನು ಅಂತ ನಾನೇ ಹತ್ತು ನಿಮಿಷ ತಲೆ ಕೆರೆದುಕೊಂಡೆ.

ಶನಿವಾರಗಳು

ರಿಮೈಂಡಿನಲ್ಲಿ ಎರಡನೇ ಶನಿವಾರ ಬರೆಯುವ ರೀತಿ ನನಗೆ ತುಂಬಾ ಇಷ್ಟವಾಯಿತು.

ರೆಮ್ ಸ್ಯಾಟ್ 8 ಮೆಸೇಜ್ ಬ್ಯಾಂಕ್ ರಜೆ
ರೆಮ್ ಸ್ಯಾಟ್ 22 ಮೆಸೇಜ್ ಬ್ಯಾಂಕ್ ರಜೆ

"8ನೇ ತಾರೀಖು ಅಥವಾ ಅದರ ನಂತರ ಬರುವ ಮೊದಲ ಶನಿವಾರ" ಅಂತ ಇದರ ಅರ್ಥ. ಮೊದಲ ಏಳು ದಿನದಲ್ಲಿ ಒಂದು ಶನಿವಾರ ಬಂದೇ ಬರುತ್ತದೆ. ಹಾಗಾಗಿ 8ರಿಂದ ಹುಡುಕಿದರೆ ಸಿಗುವುದು ಎರಡನೆಯದು, 22ರಿಂದ ಹುಡುಕಿದರೆ ನಾಲ್ಕನೆಯದು. ನಮ್ಮ ಅಜ್ಜ ಗೋಡೆಯ ಕ್ಯಾಲೆಂಡರ್ ನೋಡಿ ಬೆರಳಲ್ಲಿ ಎಣಿಸುತ್ತಿದ್ದದ್ದೂ ಹೀಗೇ.

ಆರ್ಗ್‌ನಲ್ಲಿ ಇದಕ್ಕೆ ಎಮ್ಯಾಕ್ಸ್ ಡೈರಿಯ ಹಳೇ ಲೆಕ್ಕವನ್ನೇ ಎರವಲು ಪಡೆಯಬೇಕು:

<%%(ಡೈರಿ-ಫ್ಲೋಟ್ ಟಿ 6 2)>

ಟಿ ಅಂದರೆ ಎಲ್ಲಾ ತಿಂಗಳು, 6 ಅಂದರೆ ಶನಿವಾರ (ಭಾನುವಾರ 0 ಅಂತ ಎಣಿಕೆ), 2 ಅಂದರೆ ಎರಡನೆಯದು. ಕೊನೆಯ ಶನಿವಾರ ಬೇಕಿದ್ದರೆ -1. ಚೊಕ್ಕವಾಗಿಯೇ ಇದೆ, ಲೆಕ್ಕವೂ ತಪ್ಪುವುದಿಲ್ಲ. ನಾನು ಜನವರಿಯಲ್ಲೇ ಇದನ್ನು ಬರೆಯಬಹುದಿತ್ತು, ಬರೆಯಲಿಲ್ಲ. ಯಾಕೆ? +2ಡಬ್ಲ್ಯೂ ಬೆರಳ ತುದಿಯಲ್ಲೇ ಇತ್ತು. ಸುಲಭದ ದಾರಿ ತಪ್ಪು ದಾರಿಯಾದರೂ ಮೂರು ತಿಂಗಳು ಸರಿಯಾದ ಊರನ್ನೇ ತೋರಿಸುತ್ತಿತ್ತು.

ಇಂಥ ಲೆಕ್ಕದ ಸಾಲಿಗೆ ಒಂದು ಕೊರತೆ ಇದೆ. ಅದನ್ನು "ಡನ್" ಮಾಡಿ ಮುಂದಿನ ತಾರೀಖಿಗೆ ತಳ್ಳೋಕೆ ಆಗುವುದಿಲ್ಲ. ಅದು ಬರೀ ತೋರಿಸುತ್ತದೆ. ಬ್ಯಾಂಕ್ ರಜೆಗೆ ತೊಂದರೆ ಇಲ್ಲ, ರಜೆಯನ್ನು ಯಾರೂ ಮಾಡಿ ಮುಗಿಸಬೇಕಾಗಿಲ್ಲ. ಲೆಕ್ಕ ಮುಗಿಸುವ ಕೆಲಸಕ್ಕೆ ಮಾತ್ರ ಬೇಜಾರು.

ಟ್ಯಾಂಕ್: ಇಲ್ಲಿ ರಿಮೈಂಡ್ ಸೋತಿತು

ಟ್ಯಾಂಕ್ ತೊಳೆಸುವುದು ಬೇರೆ ಜಾತಿಯ ಕೆಲಸ. ಅದಕ್ಕೆ ಕ್ಯಾಲೆಂಡರ್ ಮುಖ್ಯವಲ್ಲ, ಹಿಂದಿನ ಸಲ ಯಾವಾಗ ತೊಳೆದೆವು ಅನ್ನುವುದು ಮುಖ್ಯ. ಏಪ್ರಿಲ್ 1ಕ್ಕೆ ತೊಳೆಸಬೇಕಾದದ್ದು ತೊಳೆಯುವವರು ಸಿಗದೆ 20ಕ್ಕೆ ಹೋಯಿತು ಅಂದುಕೊಳ್ಳಿ. ಮುಂದಿನದು ಜುಲೈ 20 ಆಗಬೇಕು, ಜುಲೈ 1 ಅಲ್ಲ.

ಆರ್ಗ್‌ಗೆ ಇದು ಗೊತ್ತು. ಆರ್ಗ್‌ನ ಮೂರು ಗುರುತುಗಳನ್ನು ಸರಿಯಾಗಿ ತಿಳಿದುಕೊಂಡರೆ ಅರ್ಧ ತೊಂದರೆ ಅಲ್ಲೇ ಮುಗಿಯುತ್ತದೆ. ಬರೀ + ಹಾಕಿದರೆ ಹಳೇ ತಾರೀಖಿಗೆ ಒಂದೇ ಒಂದು ಹೆಜ್ಜೆ ಸೇರಿಸುತ್ತದೆ. ++ ಹಾಕಿದರೆ ಇವತ್ತನ್ನು ದಾಟುವವರೆಗೂ ಹೆಜ್ಜೆ ಹಾಕುತ್ತಲೇ ಇರುತ್ತದೆ. .+ ಹಾಕಿದರೆ ಹಳೇ ತಾರೀಖನ್ನು ಮರೆತು ಇವತ್ತಿನಿಂದ ಎಣಿಸುತ್ತದೆ.

ಅಮ್ಮನ ಬಿಪಿ ಮಾತ್ರೆ ತರುವ ಸಾಲಿಗೆ ನಾನು ಬರೀ + ಹಾಕಿದ್ದೆ. ಊರಿಗೆ ಹೋಗಿದ್ದಾಗ ಅಣ್ಣ ಮೂರು ತಿಂಗಳು ತಂದುಕೊಟ್ಟ, ನಾನು ಫೈಲ್ ಮುಟ್ಟಲಿಲ್ಲ. ವಾಪಸ್ ಬಂದು "ಡನ್" ಒತ್ತಿದರೆ ಮತ್ತೆ ಅದೇ ಸಾಲು ಕೆಂಪಾಗಿ ನಿಂತಿದೆ. ಮತ್ತೆ ಒತ್ತಿದೆ, ಮತ್ತೆ ಕೆಂಪು. ಪ್ರೋಗ್ರಾಂ ಕೆಟ್ಟಿದೆ ಅಂದುಕೊಂಡು ಎಮ್ಯಾಕ್ಸ್ ಮುಚ್ಚಿ ತೆಗೆದೆ! ಅದು ಒಂದೊಂದೇ ತಿಂಗಳು ಹೆಜ್ಜೆ ಹಾಕುತ್ತಿತ್ತು, ಅಷ್ಟೇ. ಅಲ್ಲಿ ++ ಇರಬೇಕಿತ್ತು. ಬಾಡಿಗೆಯಂಥ ಬಾಕಿಗೆ ಮಾತ್ರ ಒಂಟಿ + ಸರಿ. ಮೂರು ತಿಂಗಳು ಕಟ್ಟದಿದ್ದರೆ ಮೂರು ಸಲ ನೆನಪಿಸಬೇಕು ಅಲ್ವಾ.

ರಿಮೈಂಡ್‌ಗೆ "ಮುಗಿಯಿತು" ಅನ್ನುವ ಕಲ್ಪನೆಯೇ ಇಲ್ಲ. ಅದು ತಾರೀಖು ಬಂತು ಅಂತ ಕೂಗುತ್ತದೆ. ನೀವು ಮಾಡಿದಿರೋ ಬಿಟ್ಟಿರೋ, ಅದಕ್ಕೆ ಸಂಬಂಧವಿಲ್ಲ. ಟ್ಯಾಂಕಿಗೆ "ಇಂಥ ದಿನದಿಂದ 90 ದಿನಕ್ಕೊಮ್ಮೆ" ಅಂತ *90 ಹಾಕಿ ಬರೆದೆ. ತೊಳೆಸಿದಾಗಲೆಲ್ಲ ಶುರುವಿನ ತಾರೀಖನ್ನು ಕೈಯಿಂದಲೇ ತಿದ್ದಬೇಕಾಯಿತು. ಎರಡು ಸಲ ತಿದ್ದಿದೆ, ಮೂರನೇ ಸಲ ಮರೆತೆ. ಅಂದಹಾಗೆ ಈ * ಬಳಸುವಾಗ ದಿನ, ತಿಂಗಳು, ವರ್ಷ ಮೂರನ್ನೂ ಬರೆಯಲೇಬೇಕು. ಎಲ್ಲಿಂದ ಎಣಿಸಬೇಕು ಅಂತ ಅದಕ್ಕೆ ಗೊತ್ತಾಗಬೇಕಲ್ಲ.

ಟುಡು.ಟೆಕ್ಸ್ಟ್ ಇಲ್ಲಿ ಆಸೆ ಹುಟ್ಟಿಸಿತು. 2006ರಲ್ಲಿ ಜೀನಾ ಟ್ರಪಾನಿ ಶುರು ಮಾಡಿದ ಸರಳ ಪದ್ಧತಿ ಅದು, ಒಂದು ಸಾಲಿಗೆ ಒಂದು ಕೆಲಸ. ಸಾಲಿನ ಕೊನೆಗೆ "ಡ್ಯೂ:2025-07-01 ರೆಕ್:3ಎಂ" ಅಂತ ಸೇರಿಸಿದರೆ ಕೆಲಸ ಮುಗಿಸಿದ ದಿನದಿಂದ ಮೂರು ತಿಂಗಳು. "ರೆಕ್:+3ಎಂ" ಅಂದರೆ ಹಳೇ ಗಡುವಿನಿಂದ ಮೂರು ತಿಂಗಳು. ಆರ್ಗ್‌ನಿಂದ ಬಂದವರು ಇಲ್ಲಿ ಎಡವುವುದು ಖಂಡಿತ. ಎರಡರಲ್ಲೂ + ಅಂದರೆ ಹಳೇ ತಾರೀಖಿನಿಂದ ಎಣಿಕೆ, ಆದರೆ ಇಲ್ಲಿ ಏನೂ ಹಾಕದಿದ್ದರೆ ಅದು ಆರ್ಗ್‌ನ .+ ಆಗಿಬಿಡುತ್ತದೆ.

ನನಗೆ ಪೆಟ್ಟು ಬಿದ್ದದ್ದು ಬೇರೆ ಕಡೆ. ಈ "ರೆಕ್" ಅನ್ನುವುದು ಮೂಲ ಟುಡು.ಟೆಕ್ಸ್ಟ್ ನಿಯಮದಲ್ಲೇ ಇಲ್ಲ. ಕೆಲವು ಆ್ಯಪ್‌ಗಳು ಸೇರಿಸಿಕೊಂಡ ಸೌಕರ್ಯ. ಫೋನಿನ ಆ್ಯಪ್‌ನಲ್ಲಿ ಟಿಕ್ ಮಾಡಿದರೆ ಹೊಸ ಸಾಲು ಹುಟ್ಟುತ್ತಿತ್ತು. ಒಂದು ದಿನ ಲ್ಯಾಪ್‌ಟಾಪಿನಲ್ಲಿ ಮೂಲ ಸ್ಕ್ರಿಪ್ಟಿನಿಂದ ಟಿಕ್ ಮಾಡಿದೆ. ಅದು ಸಾಲಿನ ಮುಂದೆ ಎಕ್ಸ್ ಹಾಕಿ ಸುಮ್ಮನಾಯಿತು. ಹೊಸ ಸಾಲು ಹುಟ್ಟಲಿಲ್ಲ. ಟ್ಯಾಂಕ್ ನನ್ನ ಜೀವನದಿಂದಲೇ ಮಾಯವಾಯಿತು. ನೀರಿನಲ್ಲಿ ಪಾಚಿ ವಾಸನೆ ಬಂದ ಮೇಲೆ ಗೊತ್ತಾದದ್ದು.

ಹುಟ್ಟುಹಬ್ಬ, ಮತ್ತು ತಿಂಗಳು ಮೊದಲೋ ದಿನ ಮೊದಲೋ

ಅಕ್ಕನ ಮಗಳು ಹುಟ್ಟಿದ್ದು 2016ರ ಮೇ 4. ನಾವು ಬರೆಯುವುದು 4-5-2016. ಎಮ್ಯಾಕ್ಸ್ ಡೈರಿ ತಾನಾಗಿ ಅಮೆರಿಕದ ಪದ್ಧತಿಯಲ್ಲಿ ಓದುತ್ತದೆ. ಡೈರಿ-ಆ್ಯನಿವರ್ಸರಿ 4 5 2016 ಅಂದರೆ ಅದಕ್ಕೆ ಏಪ್ರಿಲ್ 5. ಒಂದು ತಿಂಗಳು ಮುಂಚೆಯೇ ಶುಭಾಶಯ ಕಳಿಸಿ ನಗೆಪಾಟಲಾದೆ. ಆರ್ಗ್-ಆ್ಯನಿವರ್ಸರಿ ಅನ್ನುವ ಇನ್ನೊಂದು ರೂಪ ಇದೆ, ಅದರಲ್ಲಿ ಯಾವಾಗಲೂ ವರ್ಷ, ತಿಂಗಳು, ದಿನ. ಗೊಂದಲವೇ ಇಲ್ಲ. ಡೈರಿ ಅಂತ ಶುರುವಾಗುವ ಹೆಸರು ಕಂಡರೆ ಒಂದು ಸಲ ನಿಂತು ನೋಡಿ, ಆರ್ಗ್ ಅಂತ ಶುರುವಾದರೆ ನಿಶ್ಚಿಂತೆಯಿಂದ ಮುಂದೆ ಹೋಗಿ.

ಕ್ಯಾಲ್ಕರ್ಸ್‌ನಲ್ಲೂ ಇದೇ ಕಥೆ. ಪರದೆ ಮೇಲೆ ದಿನ ಮೊದಲು ಬರುವ ಹಾಗೆ ಮಾಡಿಕೊಂಡಿದ್ದೆ. ಫೈಲಿನ ಒಳಗೆ ಮಾತ್ರ ಅದು ತಿಂಗಳನ್ನೇ ಮೊದಲು ಬರೆಯುತ್ತದೆ. ಫೈಲನ್ನು ನೇರವಾಗಿ ತಿದ್ದಲು ಹೋದವರಿಗೆ ಇದು ಗುಂಡಿ. ಉಳಿದಂತೆ ಕ್ಯಾಲ್ಕರ್ಸ್ ನೋಡೋಕೆ ಚೆಂದ, ಒಂದು ದಿನದ ಮಟ್ಟಿಗೆ ಬಿಡುವು ಕೊಡುವ ಸೌಲಭ್ಯವೂ ಇದೆ. ಮರುಕಳಿಸುವ ಸಾಲಿನಲ್ಲಿ ಆಶ್ಚರ್ಯ ಚಿಹ್ನೆ ಹಾಕಿ ಒಂದು ತಾರೀಖು ಬರೆದರೆ ಆ ದಿನ ಮಾತ್ರ ಬರುವುದಿಲ್ಲ. ಆರ್ಗ್‌ನ + ಸಾಲಿಗೆ ಈ ಬುದ್ಧಿ ಇಲ್ಲ. ಆದರೂ ಅದರಲ್ಲಿ ನಾನು ಜಾಸ್ತಿ ದಿನ ನಿಲ್ಲಲಿಲ್ಲ. ಮನಸ್ಸು ಕೂರಲಿಲ್ಲ ಅನ್ನಿ.

ಯುನಿಕ್ಸಿನ ಕ್ಯಾಲೆಂಡರ್ ಕಮಾಂಡ್ ಇವರೆಲ್ಲರ ತಾತ. 1979ರ ಏಳನೇ ಆವೃತ್ತಿಯ ಯುನಿಕ್ಸಿನಲ್ಲೇ ಇತ್ತು. ತಾರೀಖು, ಒಂದು ಟ್ಯಾಬ್, ವಿಷಯ, ಇಷ್ಟೇ ಅದರ ವ್ಯಾಕರಣ. ಇವತ್ತಿನದು ಮತ್ತು ನಾಳೆಯದು ತೋರಿಸುತ್ತದೆ, ಶುಕ್ರವಾರ ಕೇಳಿದರೆ ಸೋಮವಾರದವರೆಗೂ ತೋರಿಸುತ್ತದೆ. ಎಷ್ಟು ಮನೆಯವರ ಥರ! ಆದರೆ ಆ ಟ್ಯಾಬ್ ಇದೆಯಲ್ಲ, ಅದು ಟ್ಯಾಬೇ ಆಗಿರಬೇಕು. ನನ್ನ ಎಡಿಟರ್ ಟ್ಯಾಬನ್ನು ಖಾಲಿ ಜಾಗವಾಗಿ ಬದಲಿಸಿ ಉಳಿಸುತ್ತಿತ್ತು. ಕಣ್ಣಿಗೆ ಎರಡೂ ಒಂದೇ. ಕಮಾಂಡ್ ಆ ಸಾಲುಗಳನ್ನೆಲ್ಲ ಸದ್ದಿಲ್ಲದೆ ಬಿಟ್ಟುಬಿಟ್ಟಿತು. ಒಂದು ವಾರ ಏನೂ ಬರಲಿಲ್ಲ, ಈ ವಾರ ಕೆಲಸ ಕಡಿಮೆ ಅಂತ ಖುಷಿಪಟ್ಟಿದ್ದೆ. ಆಮೇಲೆ ಎರಡನೇ ಶನಿವಾರಕ್ಕೆ ತಿಂಗಳಿಗೊಂದು ಸಾಲಿನಂತೆ 12 ಸಾಲು ಬರೆಯುತ್ತಾ ಕೂತಾಗ ತಾತನಿಗೆ ಕೈಮುಗಿದೆ.

ಸಾಲು ಇದೆ, ಕಾಣುತ್ತಿಲ್ಲ

ತಪ್ಪು ದಿನ ಬರುವುದು ಒಂದು ತೊಂದರೆ. ಬರದೇ ಇರುವುದು ಅದಕ್ಕಿಂತ ದೊಡ್ಡದು. ಬರದ ಸಾಲು ತಾನು ಬಂದಿಲ್ಲ ಅಂತ ಹೇಳುವುದಿಲ್ಲವಲ್ಲ.

ಆರ್ಗ್‌ನಲ್ಲಿ ನನಗೆ ಇದು ನಾಲ್ಕು ಥರ ಆಗಿದೆ. ಅಜೆಂಡಾ, ಅಂದರೆ ದಿನದಿನದ ಸಾಲುಗಳನ್ನು ತೋರಿಸುವ ಪುಟ, ಓದುವ ಫೈಲುಗಳ ಪಟ್ಟಿಯಲ್ಲಿ ನನ್ನ ಫೈಲೇ ಇರಲಿಲ್ಲ. ಕೋನದ ಕಂಸದ ಬದಲು ಚೌಕ ಕಂಸ ಹಾಕಿದ್ದೆ, ಚೌಕ ಕಂಸದ ತಾರೀಖು ಸುಮ್ನೆ ಟಿಪ್ಪಣಿ, ಅಜೆಂಡಾಕ್ಕೆ ಬರುವುದಿಲ್ಲ. ತಲೆಬರಹಕ್ಕೂ "ಶೆಡ್ಯೂಲ್ಡ್" ಸಾಲಿಗೂ ನಡುವೆ ಒಂದು ಟಿಪ್ಪಣಿ ತುರುಕಿದ್ದೆ. ಅದು ತಲೆಬರಹದ ಕೆಳಗೇ ಅಂಟಿಕೊಂಡಿರಬೇಕು, ಇಲ್ಲದಿದ್ದರೆ ಆರ್ಗ್ ಅದನ್ನು ಮಾಮೂಲಿ ಬರಹ ಅಂದುಕೊಳ್ಳುತ್ತದೆ. ನಾಲ್ಕನೆಯದು ತಮಾಷೆ. ತಾರೀಖು ಮಂಗಳವಾರದ್ದು, ಪಕ್ಕದಲ್ಲಿ ಗುರುವಾರ ಅಂತ ಕೈಯಿಂದ ಬರೆದಿದ್ದೆ. ವಾರದ ಹೆಸರನ್ನು ಆರ್ಗ್ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ತಾರೀಖೇ ಪ್ರಮಾಣ. ಗುರುವಾರ ಹುಡುಕುತ್ತಾ ಕೂತರೆ ಸಾಲು ಮಂಗಳವಾರವೇ ಬಂದು ಹೋಗಿರುತ್ತದೆ.

ಆರ್ಗ್-ಲಿಂಟ್ ಅನ್ನುವ ಆಜ್ಞೆ ಓಡಿಸಿದರೆ ಜಾಗ ತಪ್ಪಿದ ಶೆಡ್ಯೂಲ್ ಸಾಲುಗಳನ್ನು ಅದು ಹಿಡಿದು ತೋರಿಸುತ್ತದೆ. ನನ್ನ +2ಡಬ್ಲ್ಯೂ ಅನ್ನು ಮಾತ್ರ ಅದು ಹಿಡಿಯುವುದಿಲ್ಲ, ಅದರ ವ್ಯಾಕರಣದಲ್ಲಿ ತಪ್ಪಿಲ್ಲವಲ್ಲ. ಅದಕ್ಕೆ ಒಂದೇ ಮದ್ದು. ಅಜೆಂಡಾದಲ್ಲಿ ಜೆ ಒತ್ತಿ ನಾಲ್ಕೈದು ತಿಂಗಳು ಮುಂದೆ ಹಾರಿ, ಗೋಡೆಯ ಕ್ಯಾಲೆಂಡರಿನ ಜೊತೆ ತಾಳೆ ನೋಡುವುದು. ಮುಂದಿನ ಸಲ ಎಂದು ಅಂತ ನೋಡಿದರೆ ಸಾಲದು. ಐದು ವಾರದ ತಿಂಗಳೊಂದನ್ನು, ಫೆಬ್ರವರಿಯೊಂದನ್ನು ದಾಟಿ ನೋಡಬೇಕು.

ಈ ತಾಳೆ ನೋಡುವ ಕೆಲಸದಲ್ಲಿ ರಿಮೈಂಡ್ ಎಲ್ಲರನ್ನೂ ಮೀರಿಸುತ್ತದೆ. ಕಮಾಂಡಿನಲ್ಲಿ ಫೈಲಿನ ಹೆಸರಾದ ಮೇಲೆ "1 ಫೆಬ್ 2026" ಅಂತ ಒಂದು ತಾರೀಖು ಕೊಟ್ಟರೆ ಇವತ್ತು ಆ ದಿನ ಅಂತಲೇ ನಂಬಿಕೊಂಡು ಓಡುತ್ತದೆ. -ಸಿ12 ಅಂದರೆ 12 ತಿಂಗಳ ಕ್ಯಾಲೆಂಡರನ್ನು ಟರ್ಮಿನಲ್ಲಿನಲ್ಲೇ ಚೌಕಳಿಯಾಗಿ ಬಿಡಿಸಿ ಕೊಡುತ್ತದೆ. ಸಾಲು ಯಾವ ದಿನಕ್ಕೆ ಬಿತ್ತು ಅಂತ ತಿಳಿಯದಿದ್ದರೆ -ಡಿಟಿ ಹಾಕಿ, ಪ್ರತಿ ಸಾಲಿಗೂ ತಾನು ಲೆಕ್ಕ ಹಾಕಿದ ತಾರೀಖನ್ನು ಬಾಯಿಬಿಟ್ಟು ಹೇಳುತ್ತದೆ. ಒಂದು ಎಚ್ಚರಿಕೆ: ರೆಮ್ ಬರೆದು ತಾರೀಖು ಮರೆತರೆ ಅದು ದೂರುವುದಿಲ್ಲ, ದಿನಾ ತೋರಿಸುತ್ತದೆ. ಕಾಣದೇ ಹೋಗುವುದಕ್ಕಿಂತ ಅದೇ ವಾಸಿ.

ಅಕ್ಕನ ಕರೆ ಯಾರಿಗೂ ಒಗ್ಗಲಿಲ್ಲ. ಅವಳಿಗೆ ಭಾನುವಾರ ಬೆಳಗ್ಗೆ 10 ಗಂಟೆ ಅನುಕೂಲ. ಬೇಸಿಗೆಯಲ್ಲಿ ಅದು ನಮಗೆ ಸಂಜೆ 7:30, ಚಳಿಗಾಲದಲ್ಲಿ 8:30. ಅಲ್ಲಿ ಗಡಿಯಾರ ತಿರುಗಿಸಿದ್ದು 2025ರಲ್ಲಿ ಮಾರ್ಚ್ 9ಕ್ಕೆ ಮತ್ತು ನವೆಂಬರ್ 2ಕ್ಕೆ. ಆರ್ಗ್‌ನ ತಾರೀಖಿಗೆ ಟೈಮ್‌ಝೋನ್ ಅನ್ನುವುದೇ ಇಲ್ಲ. ರಿಮೈಂಡ್‌ನಲ್ಲಿ "ಅಂಟಿಲ್" (ಇಂಥ ದಿನದವರೆಗೆ) ಹಾಕಿ ಬೇಸಿಗೆಗೊಂದು ಚಳಿಗಾಲಕ್ಕೊಂದು ಅಂತ ಎರಡು ಸಾಲು ಮಾಡಿಕೊಂಡೆ. ಅಕ್ಕ ಹೇಗೂ ಅರ್ಧ ಗಂಟೆ ತಡ ಮಾಡುತ್ತಾಳೆ, ಬಿಡಿ.

ಹೀಗೆ ನೋಡುತ್ತಾ ನೋಡುತ್ತಾ ನನ್ನ ಮುಖ್ಯ ತಪ್ಪು ಎಲ್ಲಿದೆ ಅಂತ ತಿಳಿಯಿತು. ಎರಡು ಜಾತಿಯ ಸಾಲುಗಳನ್ನು ಒಂದೇ ಗೂಡಿನಲ್ಲಿ ತುಂಬಿದ್ದೆ. ಬ್ಯಾಂಕ್ ರಜೆ, ತಿಂಗಳ ಕೊನೆ, ಹುಟ್ಟುಹಬ್ಬ ಇವು ನಾನಿಲ್ಲದಿದ್ದರೂ ಬರುವಂಥವು. ಟ್ಯಾಂಕ್, ಮಾತ್ರೆ ಇವು ನಾನು ಮಾಡಿದರೆ ಮಾತ್ರ ಮುಂದೆ ಹೋಗುವಂಥವು. ಈಗ ಮೊದಲನೆಯವು ರಿಮೈಂಡ್‌ನಲ್ಲಿವೆ, ಟರ್ಮಿನಲ್ ತೆಗೆದ ತಕ್ಷಣ ಕಾಣುತ್ತವೆ. ಎರಡನೆಯವು ಆರ್ಗ್‌ನಲ್ಲಿ, ಬಹುಪಾಲು .+ ಗುರುತಿನಲ್ಲಿ. ತಿಂಗಳ ಲೆಕ್ಕ ಎರಡಕ್ಕೂ ಸೇರಿದ್ದು. ನೆನಪು ರಿಮೈಂಡ್ ಕೊಡುತ್ತದೆ, ಕೆಲಸದ ಪಟ್ಟಿ ಆರ್ಗ್‌ನಲ್ಲಿದೆ. ಎರಡು ಫೈಲ್ ನೋಡಬೇಕಲ್ಲ ಅನ್ನುವ ಕಿರಿಕಿರಿ ಇದೆ. ಬ್ಯಾಂಕಿನ ಶಟರ್ ನೋಡುವ ಕಿರಿಕಿರಿಗಿಂತ ಕಡಿಮೆ.

ಸಂಕಷ್ಟಿ

ಆರನೆಯದು ಉಳಿಯಿತು. ಸಂಕಷ್ಟಿ ಬರುವುದು ಪ್ರತಿ ತಿಂಗಳ ಕೃಷ್ಣಪಕ್ಷದ ಚೌತಿಗೆ. ಆ ತಿಂಗಳು ಚಂದ್ರನದು, ಸುಮಾರು ಇಪ್ಪತ್ತೊಂಬತ್ತೂವರೆ ದಿನ. +1ಎಂ ಹಾಕಿದರೆ ಒಂದೆರಡು ತಿಂಗಳಲ್ಲೇ ತಪ್ಪು. 29 ದಿನಕ್ಕೊಮ್ಮೆ, 30 ದಿನಕ್ಕೊಮ್ಮೆ ಅಂತ ಹಾಕಿದರೂ ನಾಲ್ಕೈದು ತಿಂಗಳಲ್ಲಿ ಜಾರುತ್ತದೆ. ತಿಥಿಯೇ ಒಂದೇ ಉದ್ದದ್ದಲ್ಲ, 19 ಗಂಟೆಯಿಂದ 26 ಗಂಟೆವರೆಗೂ ಹಿಗ್ಗಿ ಕುಗ್ಗುತ್ತದೆ. ಅದರ ಮೇಲೆ ಚಂದ್ರೋದಯ ನೋಡಿ ದಿನ ನಿರ್ಧರಿಸುವ ಪದ್ಧತಿ ಬೇರೆ.

ರಿಮೈಂಡ್‌ನಲ್ಲಿ ಮೂನ್‌ಡೇಟ್ ಅನ್ನುವ ಲೆಕ್ಕ ಇದೆ, ಹುಣ್ಣಿಮೆ ಅಮಾವಾಸ್ಯೆ ಕೊಡುತ್ತದೆ. ಎಮ್ಯಾಕ್ಸ್ ಡೈರಿಯಲ್ಲೂ ಚಂದ್ರನ ಹಂತ ತೋರಿಸುವ ಸೌಲಭ್ಯ ಇದೆ. ಹುಣ್ಣಿಮೆಗೆ ನಾಲ್ಕು ದಿನ ಸೇರಿಸಿ ಚೌತಿ ಹಿಡಿಯಲು ನೋಡಿದೆ. ಕೆಲವು ತಿಂಗಳು ಕೂಡಿತು, ಕೆಲವು ತಿಂಗಳು ಒಂದು ದಿನ ಆಚೀಚೆ ಆಯಿತು. ಉಪವಾಸ ಮಾಡುವವರಿಗೆ ಒಂದು ದಿನ ಆಚೀಚೆ ಅಂದರೆ ಪೂರ್ತಿ ತಪ್ಪು. ಅಪ್ಪನ ತಿಥಿಗೂ ಇದೇ ಪಾಡು. ದೀಪಾವಳಿ 2025ರಲ್ಲಿ ಅಕ್ಟೋಬರ್ 20ರ ಆಸುಪಾಸಿನಲ್ಲಿ ಬಂದರೆ, 2026ರಲ್ಲಿ ನವೆಂಬರ್ 8ಕ್ಕೆ. ಇಂಥದ್ದನ್ನು ವರ್ಷಕ್ಕೊಮ್ಮೆ ಅನ್ನುವ +1ವೈ ಹೇಗೆ ಹಿಡಿದೀತು?

ಹಾಗಾಗಿ ನಿಯಮದ ಆಸೆ ಬಿಟ್ಟೆ. ಯುಗಾದಿಯ ದಿನ ಹೊಸ ಪಂಚಾಂಗ ತೆಗೆದುಕೊಂಡು ಅಮ್ಮ ಓದುತ್ತಾ ಹೋಗುತ್ತಾರೆ, ನಾನು ಒಂದೊಂದೇ ತಾರೀಖು ರಿಮೈಂಡ್ ಫೈಲಿಗೆ ಟೈಪ್ ಮಾಡುತ್ತೇನೆ. ಬೇವು ಬೆಲ್ಲ ಆದ ಮೇಲೆ ಅರ್ಧ ಗಂಟೆಯ ಕೆಲಸ. 2026ರ ಮಾರ್ಚ್ 19ರಂದು ಹಾಗೇ ಕೂತೆವು. ಮುಗಿಯಿತು ಅಂತ ಲ್ಯಾಪ್‌ಟಾಪ್ ಮುಚ್ಚಲು ಹೋದೆ.

"ಎಷ್ಟಾಯಿತು?" ಅಂದರು ಅಮ್ಮ.

"12."

"ಈ ವರ್ಷ ಅಧಿಕ ಜ್ಯೇಷ್ಠ ಕಣೋ. 13 ಇರಬೇಕು. ಮೇ, ಜೂನ್ ಇನ್ನೊಂದು ಸಲ ನೋಡು."

ನೋಡಿದೆ. ಪುಟ ತಿರುಗಿಸುವಾಗ ಒಂದು ಸಾಲು ಬಿಟ್ಟಿದ್ದೆ.